ಕಿವಿಗೆ ರಾಕ್ಷಸ, ಕಣ್ಣಿಗೆ ಫ್ಯೂರಿ

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗಳು ನಮ್ಮ ಮನೆಗೆ ಬಂದು ಹದಿನೈದು ದಿನ ಇದ್ದಳು. ಡಿಗ್ರಿ ಎರಡನೇ ವರ್ಷದ ಹುಡುಗಿ. ರಾತ್ರಿ ಹನ್ನೆರಡಾದರೂ ಅವಳ ಕೋಣೆಯ ದೀಪ ಆರುತ್ತಿರಲಿಲ್ಲ. ಒಂದು ರಾತ್ರಿ ಬಾಗಿಲು ತಳ್ಳಿ ನೋಡಿದರೆ ಲ್ಯಾಪ್‌ಟಾಪಿನ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಗಾಬರಿಯಾಗಿ ಏನಾಯಿತೆಂದು ಕೇಳಿದೆ. "ಏನಿಲ್ಲ ದೊಡ್ಡಮ್ಮ, ಇವನು ಸತ್ತುಹೋದ" ಎಂದು ತೆರೆಯ ಮೇಲಿದ್ದ ಒಬ್ಬ ಸಮುರಾಯಿಯನ್ನು ತೋರಿಸಿದಳು. ಗೇಮ್ ಆಡುತ್ತಾ ಅಳುವವರನ್ನು ನಾನು ಅದೇ ಮೊದಲು ನೋಡಿದ್ದು. ಹಾಗೆಂದಾಗ ಅವಳಿಗೆ ಕೊಂಚ ಸಿಟ್ಟು ಬಂತು. "ಇದು ಗೇಮ್ ಅಂತ ಹೆಸರಿಗೆ ಅಷ್ಟೇ. ಇದನ್ನ ಓದೋದು. ನೀನೂ ಓದಿ ನೋಡು, ಆಮೇಲೆ ಮಾತಾಡು" ಎಂದು ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಿವಿಗೆ ಸಿಕ್ಕಿಸಿದಳು.

ಕೆಳಗೆ ಇಂಗ್ಲಿಷ್ ಅಕ್ಷರ, ಕಿವಿಯಲ್ಲಿ ಜಪಾನಿ ಮಾತು. ಸ್ವಲ್ಪ ಹೊತ್ತಿನಲ್ಲೇ ಒಂದು ಶಬ್ದ ನನ್ನನ್ನು ಹಿಡಿದು ನಿಲ್ಲಿಸಿತು. ಪಾತ್ರಗಳು ಮತ್ತೆ ಮತ್ತೆ 'ರಾಸೆತ್ಸು' ಎನ್ನುತ್ತಿದ್ದವು. ಅದೇ ಹೊತ್ತಿಗೆ ತೆರೆಯ ಮೇಲೆ 'ಫ್ಯೂರಿ' ಎಂಬ ಪದ ಮೂಡುತ್ತಿತ್ತು. ಆ ಔಷಧಿ ಕುಡಿದ ಮನುಷ್ಯನ ಕೂದಲು ಬೆಳ್ಳಗಾಗುತ್ತದೆ, ಕಣ್ಣು ಕೆಂಪಾಗುತ್ತದೆ, ರಕ್ತದ ದಾಹ ಹುಟ್ಟುತ್ತದೆ. ರಾಸೆತ್ಸು, ರಾಸೆತ್ಸು ಎಂದು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡ ಮೇಲೆ ಹೊಳೆಯಿತು: ಇದು ನಮ್ಮ ರಾಕ್ಷಸ! ಕಿವಿ ಗುರುತು ಹಿಡಿದ ನೆಂಟನನ್ನು ಕಣ್ಣು ಪರಕೀಯನೆನ್ನುತ್ತಿತ್ತು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಆ ಆಟದ ಹೆಸರು 'ಹಕುವೋಕಿ'. ಜಪಾನಿನಲ್ಲಿ 'ಒಟೊಮೆ ಗೇಮ್' ಎಂದು ಕರೆಯುವ ಪ್ರಕಾರಕ್ಕೆ ಸೇರಿದ್ದು. ಒಟೊಮೆ ಎಂದರೆ ತರುಣಿ, ಕನ್ಯೆ. ಹೆಣ್ಣುಮಕ್ಕಳನ್ನೇ ಓದುಗರೆಂದು ಭಾವಿಸಿ ಬರೆದ ಪ್ರೇಮಕಥೆಗಳಿವು. ಕಥೆಯ ನಡುವೆ ಕೆಲವು ಕಡೆ ನಾಯಕಿ ಏನು ಹೇಳಬೇಕು, ಯಾರ ಜೊತೆ ಹೋಗಬೇಕು ಎಂಬ ಆಯ್ಕೆ ಬರುತ್ತದೆ. ಆಯ್ಕೆಗೆ ತಕ್ಕಂತೆ ಕಥೆ ಕವಲೊಡೆದು ನಾಲ್ಕೈದು ಗಂಡಸರಲ್ಲಿ ಒಬ್ಬನ ಕಡೆಗೆ ಹರಿಯುತ್ತದೆ. ಸುಖಾಂತವೂ ಇರುತ್ತದೆ, ದುರಂತವೂ ಇರುತ್ತದೆ. ಎಲ್ಲ ಕವಲುಗಳನ್ನೂ ಓದಿ ಮುಗಿಸಲು ಒಂದು ದಪ್ಪ ಕಾದಂಬರಿಗೆ ಬೇಕಾಗುವುದಕ್ಕಿಂತ ಹೆಚ್ಚು ಸಮಯ ಬೇಕು. ಈ ಪ್ರಕಾರದ ಮೊದಲ ಕೃತಿ ಎಂದು ಹೇಳುವುದು 1994ರಲ್ಲಿ ಕೋಯೆಯ್ ಕಂಪನಿ ತಂದ 'ಆ್ಯಂಜೆಲಿಕ್' ಅನ್ನು. ಆ ಕಂಪನಿಯ ಸಹಸ್ಥಾಪಕಿ ಕೇಕೊ ಎರಿಕಾವಾ ಅವರ ಒತ್ತಾಸೆಯಿಂದ ಹುಟ್ಟಿದ, ಹೆಂಗಸರೇ ಇದ್ದ 'ರೂಬಿ ಪಾರ್ಟಿ' ಎಂಬ ತಂಡ ಅದನ್ನು ಕಟ್ಟಿತು. ಆಟಗಳೆಂದರೆ ಹುಡುಗರಿಗೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಹುಡುಗಿಯರಿಗೂ ಆಟ ಬೇಕು ಎಂದು ಒಬ್ಬ ಹೆಂಗಸು ಹಟ ಹಿಡಿದದ್ದರ ಫಲ ಅದು.

ಜಪಾನಿನಲ್ಲಿ ಇದು ದೊಡ್ಡ ಪ್ರಕಾರವಾಗಿ ಬೆಳೆದರೂ ಇಂಗ್ಲಿಷಿಗೆ ಬರಲು ಬಹಳ ಕಾಲ ಹಿಡಿಯಿತು. 2006ರಲ್ಲಿ 'ಯೋ-ಜಿನ್-ಬೋ' ಬಂತು. ಜಪಾನಿನಲ್ಲಿ 2008ರಲ್ಲಿ ಬಂದಿದ್ದ ಹಕುವೋಕಿಯನ್ನು ಆಕ್ಸಿಸ್ ಸಂಸ್ಥೆ 2012ರಲ್ಲಿ ಇಂಗ್ಲಿಷಿಗೆ ತಂದಿತು. ಅದು ಓದುಗರನ್ನು ಹಿಡಿಯಿತು. 2015ರಲ್ಲಿ 'ಕೋಡ್: ರಿಯಲೈಜ್', 'ಆಮ್ನೀಶಿಯಾ: ಮೆಮೊರೀಸ್', 2017ರಲ್ಲಿ 'ಕಾಲರ್ ಮಾಲಿಸ್' ಬಂದವು. 2020ರ ನಂತರವಂತೂ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ 'ಪಿಯೊಫಿಯೊರೆ', 'ಕೆಫೆ ಆಂಶಾಂತೆ', 'ಒಲಿಂಪಿಯಾ ಸ್ವಾರೆ', 'ಕ್ಯೂಪಿಡ್ ಪ್ಯಾರಸೈಟ್' ಎಂದು ಒಂದರ ಹಿಂದೆ ಒಂದು ಬರುತ್ತಿವೆ. ಹಕುವೋಕಿಯೇ ಬೇರೆ ಬೇರೆ ರೂಪದಲ್ಲಿ ಹಲವು ಸಲ ಮರುಮುದ್ರಣಗೊಂಡಿದೆ. ಅಧಿಕೃತ ಅನುವಾದ ಬಾರದಿದ್ದ ವರ್ಷಗಳಲ್ಲಿ ಅಭಿಮಾನಿಗಳೇ ಸಂಬಳವಿಲ್ಲದೆ, ರಾತ್ರಿ ಕೂತು ಅನುವಾದಿಸಿ ಹಂಚುತ್ತಿದ್ದರು. ಹಿಂದೆ ಹುಡುಕಿ ಅಲೆಯಬೇಕಿದ್ದದ್ದು ಇಂದು ಬೆಂಗಳೂರಿನ ಒಬ್ಬ ಹುಡುಗಿಯ ಲ್ಯಾಪ್‌ಟಾಪಿಗೆ ಸುಮ್ಮನೆ ಬಂದು ಕೂರುತ್ತದೆ.

ತಡವಾಗಿದ್ದು ಯಾಕೆ? ಓದಲು ಬೆಟ್ಟದಷ್ಟಿರುವ ಪಠ್ಯ, ಅನುವಾದದ ಖರ್ಚು, ಕೊಳ್ಳುವವರು ಎಷ್ಟು ಮಂದಿ ಎಂಬ ಅನುಮಾನ, ಇವೆಲ್ಲ ಇದ್ದವು. ಇವುಗಳ ಅಡಿಯಲ್ಲಿ ಇನ್ನೂ ಒಂದಿತ್ತು: ಹೆಂಗಸರು ಇಷ್ಟಪಟ್ಟು ಓದುವ ಪ್ರೇಮಕಥೆ ಗಂಭೀರವಾದದ್ದಲ್ಲ ಎಂಬ ನಂಬಿಕೆ. ಇದು ನಮಗೆ ಹೊಸದಲ್ಲ. ನನ್ನ ಅಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತರುತ್ತಿದ್ದ ಕಾದಂಬರಿಗಳಿಗೆ ನ್ಯೂಸ್ ಪೇಪರಿನ ಹೊದಿಕೆ ಹಾಕುತ್ತಿದ್ದಳು. ಪುಸ್ತಕ ಕೊಳೆಯಾಗದಿರಲಿ ಅಂತ ಎನ್ನುತ್ತಿದ್ದಳು. ಅಪ್ಪನ ಭೈರಪ್ಪ, ಕಾರಂತರಿಗೆ ಮಾತ್ರ ಹೊದಿಕೆ ಇರಲಿಲ್ಲ. ಅವು ಹಾಲಿನ ಕಪಾಟಿನಲ್ಲಿ ಬೆನ್ನು ತೋರಿಸಿಕೊಂಡು ನಿಂತಿರುತ್ತಿದ್ದವು. ಕನ್ನಡದಲ್ಲಿ ಹೆಂಗಸರು ಬರೆದ, ಹೆಂಗಸರು ಓದಿದ ಕಾದಂಬರಿಗಳನ್ನು 'ಅಡುಗೆಮನೆ ಸಾಹಿತ್ಯ' ಎಂದು ಪಕ್ಕಕ್ಕೆ ಸರಿಸಿದವರಿದ್ದರು. ಆ ರಾಶಿಯಲ್ಲೇ ತ್ರಿವೇಣಿಯವರೂ ಇದ್ದರು, ಮರೆತುಹೋಗಬೇಕಾದ ನೂರು ಪುಸ್ತಕಗಳೂ ಇದ್ದವು. ಯಾವುದು ಯಾವುದೆಂದು ಬೇರ್ಪಡಿಸಲು ಓದಲೇಬೇಕಿತ್ತು. ಓದದೆ ಸರಿಸಿದವರಿಗೆ ಆ ಕೆಲಸ ಉಳಿಯಲಿಲ್ಲ, ಅಷ್ಟೇ.

ಹಾಗಾಗಿ ನಾನು ಓದಿದೆ. ರಜೆ ಮುಗಿದು ಅವಳು ಹೋದ ಮೇಲೂ ಆರೇಳು ತಿಂಗಳು ಓದಿದೆ. ಎಲ್ಲವೂ ಚೆನ್ನಾಗಿವೆ ಎನ್ನಲಾರೆ. ಆಮ್ನೀಶಿಯಾದ ನಾಯಕಿಗೆ ನೆನಪೇ ಹೋಗಿದೆ. ಅವಳ ಪರವಾಗಿ ಯೋಚಿಸುವುದು, ಮಾತಾಡುವುದು ಎಲ್ಲ ಓರಿಯನ್ ಎಂಬ ಪುಟ್ಟ ಚೇತನ. ಅವಳು ಖಾಲಿ ಪಾತ್ರೆ, ಓದುಗಳು ತನ್ನನ್ನು ಅದರೊಳಗೆ ಸುರಿದುಕೊಳ್ಳಲಿ ಎಂಬ ಲೆಕ್ಕಾಚಾರ. ಅದರ ಒಂದು ಕವಲಿನಲ್ಲಿ ತೋಮಾ ಎಂಬ ಬಾಲ್ಯದ ಗೆಳೆಯ ಅವಳನ್ನು ಕಾಪಾಡುವ ನೆಪದಲ್ಲಿ ಪಂಜರದಲ್ಲಿ ಕೂಡಿಹಾಕುತ್ತಾನೆ. ಅದು ತಪ್ಪು ಎಂದು ಕಥೆಗೆ ಗೊತ್ತಿಲ್ಲವೆಂದಲ್ಲ. ಆದರೆ ಅದೇ ಕಥೆ ಕೊನೆಗೆ ಅವನನ್ನು ಪ್ರೇಮಿಯನ್ನಾಗಿಯೇ ಒಪ್ಪಿಸುತ್ತದೆ. ಓದುತ್ತಿದ್ದ ನನಗೆ ಉಸಿರು ಕಟ್ಟಿತು. 'ಇದು ಕಲ್ಪನೆ, ಓದುವವರಿಗೆ ಗೊತ್ತಿರುತ್ತದೆ' ಎನ್ನುವ ಸಮರ್ಥನೆ ಇದೆ. ಗೊತ್ತಿರುತ್ತದೆ, ನಿಜ. ಆದರೆ ನಾಯಕಿಗೇ ಮಾತಿಲ್ಲದಿದ್ದಾಗ 'ಬೇಡ' ಎನ್ನುವವರು ಯಾರು?

ಇದರ ಪಕ್ಕದಲ್ಲಿ ಕಾಲರ್ ಮಾಲಿಸ್ ಇಟ್ಟು ನೋಡಿ. ಇಚಿಕಾ ಹೊಶಿನೊ ಶಿಂಜುಕುವಿನ ಒಬ್ಬ ಸಾಧಾರಣ ಪೊಲೀಸ್. ಭಯೋತ್ಪಾದಕರು ಅವಳ ಕುತ್ತಿಗೆಗೆ ವಿಷದ ಪಟ್ಟಿ ತೊಡಿಸುತ್ತಾರೆ. ಪ್ರಾಣ ಉಳಿಯಬೇಕಾದರೆ ಅವಳು ತನಿಖೆ ಮಾಡಲೇಬೇಕು. ಪ್ರೇಮ ಬರುವುದು ಕೆಲಸದ ನಡುವೆ, ಕೆಲಸದ ಮೂಲಕ. ಕೋಡ್: ರಿಯಲೈಜ್‌ನ ಕಾರ್ಡಿಯಾಳ ಮೈಯೇ ವಿಷ. ಅವಳು ಮುಟ್ಟಿದ್ದೆಲ್ಲ ಕರಗಿಹೋಗುತ್ತದೆ. ಆದ್ದರಿಂದ ಆ ಕಥೆಯ ಗಂಡಸರು ಅವಳನ್ನು ಮುಟ್ಟದೆ ಪ್ರೀತಿಸುವುದನ್ನು ಕಲಿಯಬೇಕು. ನಮ್ಮ ಸಿನಿಮಾಗಳಲ್ಲಿ ನಾಯಕ ನಾಯಕಿಯ ಕೈ ಹಿಡಿದೆಳೆದು ಹಾಡು ಶುರುಮಾಡುವುದನ್ನು ನೋಡುತ್ತಲೇ ಬೆಳೆದ ನನಗೆ, ಅವಳ ಹತ್ತಿರ ಬರುವ ಮೊದಲು ಪ್ರತಿಯೊಬ್ಬ ಗಂಡಸೂ ಯೋಚಿಸಬೇಕಾದ ಈ ಲೋಕ ದೊಡ್ಡ ಬಿಡುಗಡೆಯಂತೆ ಕಂಡಿತು.

ಇಷ್ಟೆಲ್ಲ ಇಂಗ್ಲಿಷಿನಿಂದಲೇ ನನಗೆ ಸಿಕ್ಕಿದ್ದು, ಆ ಋಣ ಇದೆ. ಆದರೆ ಈ ಅನುವಾದಗಳಿಗೆ ಪುಸ್ತಕದ ಅನುವಾದಕ್ಕಿಲ್ಲದ ಒಂದು ವಿಚಿತ್ರ ಗುಣವಿದೆ. ಪಠ್ಯ ಮಾತ್ರ ಇಂಗ್ಲಿಷಾಗುತ್ತದೆ, ಧ್ವನಿ ಸಾಮಾನ್ಯವಾಗಿ ಜಪಾನಿಯಲ್ಲೇ ಉಳಿಯುತ್ತದೆ. ಮೂಲ ಮತ್ತು ಅನುವಾದ ಒಟ್ಟೊಟ್ಟಿಗೆ ನಡೆಯುತ್ತವೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಆ ಧ್ವನಿ ಹಿನ್ನೆಲೆ ಸಂಗೀತವಾಗಿರಬಹುದು. ಕನ್ನಡದ ಕಿವಿಗೆ ಹಾಗಾಗುವುದಿಲ್ಲ. ಜಪಾನಿಯಲ್ಲೂ ನಮ್ಮಲ್ಲಿಯಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆಡುವವನು ವಾಕ್ಯದ ನಡುವೆ ತಡೆದಾಗ, ಮುಖ್ಯವಾದದ್ದು ಇನ್ನೂ ಬರಬೇಕಿದೆ ಎಂದು ನಮಗೆ ತಾನಾಗಿ ತಿಳಿಯುತ್ತದೆ. ಇಂಗ್ಲಿಷ್ ಸಾಲು ಅಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿರುತ್ತದೆ. ಪ್ರೇಮನಿವೇದನೆಯಲ್ಲಿ ಜಪಾನಿನವರು 'ಸುಕಿ' ಎಂದಷ್ಟೇ ಹೇಳಬಹುದು. ಅದರಲ್ಲಿ ನಾನೂ ಇಲ್ಲ, ನೀನೂ ಇಲ್ಲ. ಕನ್ನಡದಲ್ಲಿ 'ಇಷ್ಟ' ಎಂದು ಹೇಳಿ ಸುಮ್ಮನಾಗಬಹುದಲ್ಲ, ಹಾಗೆ. ಇಂಗ್ಲಿಷಿಗೆ ಕರ್ತೃ ಬೇಕು, ಕರ್ಮ ಬೇಕು, ಮೂರು ಪದದ ಘೋಷಣೆ ಬೇಕು.

ಇನ್ನು ಸರ್ವನಾಮಗಳು. ಹಕುವೋಕಿಯಲ್ಲಿ ಹಿಜಿಕಾತಾ ತನ್ನನ್ನು 'ಒರೆ' ಎಂದುಕೊಳ್ಳುತ್ತಾನೆ, ನಾಯಕಿ ಚಿಜುರುವನ್ನು 'ಒಮಾಎ' ಎನ್ನುತ್ತಾನೆ. ಎರಡೂ ಗಡುಸು, ಗಂಡುಮಾತು. ಓಕಿತಾ ತನ್ನನ್ನು 'ಬೊಕು' ಎಂದೂ ಅವಳನ್ನು 'ಕಿಮಿ' ಎಂದೂ ಕರೆಯುತ್ತಾನೆ. ಮೇಲೆ ಮೆದು, ಒಳಗೆ ಕುಟುಕು. ಇಂಗ್ಲಿಷಿನಲ್ಲಿ ಎಲ್ಲರೂ 'ಐ', ಎಲ್ಲರೂ 'ಯೂ'. ಒಳ್ಳೆಯ ಅನುವಾದಕರು ಇದನ್ನು ಬೇರೆ ದಾರಿಯಲ್ಲಿ ತುಂಬಿಕೊಡುತ್ತಾರೆ. ಹಿಜಿಕಾತಾನ ವಾಕ್ಯಗಳನ್ನು ಮೊಟಕು ಮಾಡುತ್ತಾರೆ, ಓಕಿತಾನ ಮಾತಿಗೆ ವ್ಯಂಗ್ಯ ಬೆರೆಸುತ್ತಾರೆ. ಆದರೆ ತುಂಬಲಾಗದ ಒಂದು ಜಾಗವಿದೆ. ಚಿಜುರು ಈ ಗಂಡಸರೊಡನೆ ಆಡುವುದೆಲ್ಲ ವಿನಯದ ರೂಪದಲ್ಲಿ. ಅವರು ಅವಳೊಡನೆ ಆಡುವುದು ಸಲಿಗೆಯ ರೂಪದಲ್ಲಿ. ಪ್ರೇಮ ಬೆಳೆದ ಮೇಲೂ ಅವಳ ಮಾತಿನ ಬಾಗು ಹಾಗೇ ಉಳಿಯುತ್ತದೆ. ಕನ್ನಡದಲ್ಲಿ ಹೇಳುವುದಾದರೆ, ಅವನು 'ನೀನು' ಎನ್ನುತ್ತಾನೆ, ಅವಳು 'ನೀವು' ಎನ್ನುತ್ತಾಳೆ.

ಇದು ನನಗೆ ತೀರ ಪರಿಚಿತ. ನನ್ನ ಅಮ್ಮ ನಲವತ್ತೆರಡು ವರ್ಷ ಅಪ್ಪನಿಗೆ 'ನೀವು' ಎಂದಳು, ಅಪ್ಪ 'ನೀನು' ಎಂದರು. ಈ ವಾಕ್ಯದಲ್ಲೂ ಅಮ್ಮ 'ಎಂದಳು', ಅಪ್ಪ 'ಎಂದರು'. ನನ್ನ ವ್ಯಾಕರಣವೂ ಆ ಮನೆಯದ್ದೇ. ಅಮ್ಮನ ಆ 'ನೀವು'ನಲ್ಲಿ ಗೌರವವಿತ್ತು, ಅಭ್ಯಾಸವಿತ್ತು, ಕೆಲವೊಮ್ಮೆ ತಣ್ಣನೆಯ ಕೋಪವೂ ಇತ್ತು. ಚಿಜುರುವಿನದನ್ನೂ ಬರೀ ಹೆಣ್ಣಿನ ಅಧೀನತೆ ಎಂದು ಓದುವುದು ಸರಿಯಲ್ಲ. ಅವಳು ಕಿರಿಯಳು, ಕಾಣೆಯಾದ ತಂದೆಯನ್ನು ಹುಡುಕಿಕೊಂಡು ಗಂಡುವೇಷದಲ್ಲಿ ಕ್ಯೋಟೋಗೆ ಬಂದು ಶಿನ್‌ಸೆಂಗುಮಿ ಪಡೆಯ ಬಿಡಾರದಲ್ಲಿ ಅರ್ಧ ಅತಿಥಿ, ಅರ್ಧ ಕೈದಿಯಾಗಿರುವವಳು. ಅದೇ ಓಕಿತಾ ತನ್ನ ಹಿರಿಯ ಕೊಂದೊನ ಮುಂದೆ ತಾನೂ ವಿನಯವಾಗಿ ಮಾತಾಡುತ್ತಾನೆ. ಇಷ್ಟೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಸಂಬಂಧದ ಇಳಿಜಾರು ಅಲ್ಲಿದೆ. ಇಂಗ್ಲಿಷ್ ಅದನ್ನು ಸಮತಟ್ಟು ಮಾಡಿ ತೋರಿಸುತ್ತದೆ. ಅನುವಾದಕರು ಬೇಕೆಂದು ಮುಚ್ಚಿಟ್ಟಿದ್ದಲ್ಲ, ಆ ಭಾಷೆಯಲ್ಲಿ ಅದಕ್ಕೆ ಜಾಗವಿಲ್ಲ. ಪರಿಣಾಮ ಮಾತ್ರ ಒಂದೇ. ಇಂಗ್ಲಿಷಿನಲ್ಲಿ ಓದಿದವಳಿಗೆ ಇದು ಸಮಾನರ ಪ್ರೇಮವಾಗಿ ಕಾಣುತ್ತದೆ.

ಅನುವಾದದಲ್ಲಿ ಸೊಗಸು ಕಳೆದುಹೋಗುತ್ತದೆ ಎಂದು ನಾವು ಸದಾ ಗೊಣಗುತ್ತೇವೆ. ಅನುವಾದದಲ್ಲಿ ಅಸಮಾನತೆಯೂ ಕಳೆದುಹೋಗುತ್ತದೆ, ಅದೂ ನಷ್ಟವೇ ಎಂದು ನನಗೆ ಹೊಳೆದದ್ದು ಈ ಆಟಗಳನ್ನು ಓದಿದ ಮೇಲೆ. ಕಾಣದಿದ್ದುದನ್ನು ಪ್ರಶ್ನಿಸುವುದು ಹೇಗೆ? ಆಮ್ನೀಶಿಯಾದ ಪಂಜರ ಯಾವ ಭಾಷೆಯಲ್ಲೂ ಪಂಜರವೇ, ಅದನ್ನು ಯಾರು ಬೇಕಾದರೂ ಬೈಯಬಹುದು. ಸರ್ವನಾಮದ ಪಂಜರ ಇಂಗ್ಲಿಷಿನಲ್ಲಿ ಅದೃಶ್ಯ.

ಮತ್ತೆ ರಾಸೆತ್ಸುವಿನ ಕಡೆ ಬರುತ್ತೇನೆ. ಸಂಸ್ಕೃತದ ರಾಕ್ಷಸ ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋದ. ಅಲ್ಲಿನ ಅನುವಾದಕರು ಅರ್ಥ ಹುಡುಕುವ ಬದಲು ಸದ್ದನ್ನೇ ಚೀನೀ ಲಿಪಿಯಲ್ಲಿ ಹಿಡಿದರು. ಆ ಎರಡು ಅಕ್ಷರಗಳನ್ನು ಜಪಾನಿನವರು ರಾಸೆತ್ಸು ಎಂದು ಓದಿದರು. ಅಲ್ಲಿ ಅವನು ದಿಕ್ಪಾಲಕನೂ ಆದ. ಜಪಾನಿನ ಬೌದ್ಧರ ಹನ್ನೆರಡು ದೇವತೆಗಳಲ್ಲಿ ರಾಸೆತ್ಸು-ತೆನ್ ಕಾಯುವುದು ನೈಋತ್ಯ ದಿಕ್ಕನ್ನು, ನಮ್ಮ ನಿರೃತಿಯ ದಿಕ್ಕನ್ನೇ. ಇಷ್ಟು ದೂರ ನಡೆದ ಪದ ಇಂಗ್ಲಿಷಿನ ಬಾಗಿಲಿಗೆ ಬಂದಾಗ ಗ್ರೀಕ್–ರೋಮನ್ ಪುರಾಣದ ಸೇಡಿನ ದೇವತೆಯರ ಹೆಸರು ತೊಟ್ಟುಕೊಳ್ಳಬೇಕಾಯಿತು. ಕೋಡ್: ರಿಯಲೈಜ್ ಜೊತೆ ಇದನ್ನು ಹೋಲಿಸಿದರೆ ಸ್ವಾರಸ್ಯ ಕಾಣುತ್ತದೆ. ಆ ಕಥೆಯ ಗಂಡಸರು ಆರ್ಸೆನ್ ಲೂಪಿನ್, ವಿಕ್ಟರ್ ಫ್ರಾಂಕೆನ್‌ಸ್ಟೈನ್, ವ್ಯಾನ್ ಹೆಲ್ಸಿಂಗ್. ಎಲ್ಲ ಯುರೋಪಿನ ಕಾದಂಬರಿಗಳಿಂದ ಜಪಾನಿಗೆ ಹೋದವರು. ಅವರು ಇಂಗ್ಲಿಷಿಗೆ ಬಂದಾಗ ಯಾರೂ ಹೆಸರು ಬದಲಿಸಲಿಲ್ಲ. ತನ್ನ ನೆಂಟರನ್ನು ಇಂಗ್ಲಿಷ್ ಗುರುತಿಸಿತು. ನಮ್ಮ ನೆಂಟನನ್ನು ಗುರುತಿಸುವ ಹೊಣೆ ಅದರದ್ದಲ್ಲ, ನಮ್ಮದು.

ನಾವು ಟಾಲ್‌ಸ್ಟಾಯ್, ಚೆಕಾಫ್, ಕಾಫ್ಕಾ ಎಲ್ಲರನ್ನೂ ಹೆಚ್ಚಾಗಿ ಇಂಗ್ಲಿಷಿನ ಕಿಟಕಿಯಿಂದಲೇ ನೋಡಿದವರು. ಕಿಟಕಿಯ ಗಾಜಿಗೂ ಬಣ್ಣವಿದೆ ಎಂಬುದು ಗೊತ್ತಿದ್ದರೂ, ಆಚೆಗಿನ ಸದ್ದು ಕೇಳದಿದ್ದುದರಿಂದ ಹೋಲಿಸಿ ನೋಡಲು ಆಗುತ್ತಿರಲಿಲ್ಲ. ಈ ಆಟಗಳಲ್ಲಿ ಆ ಸದ್ದು ಕೇಳುತ್ತದೆ. ಅದಕ್ಕೇ ಇವು ನನಗೆ ಮುಖ್ಯವಾಗಿ ಕಂಡವು.

ಕೊನೆಗೆ ಒಂದು ಪ್ರಯೋಗ ಮಾಡಿದೆ. ಹಕುವೋಕಿಯಲ್ಲಿ ಹಿಜಿಕಾತಾ ಮತ್ತು ಚಿಜುರು ಮಾತಾಡುವ ಒಂದು ದೃಶ್ಯವನ್ನು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಲು ಕೂತೆ. ಇಂಗ್ಲಿಷ್ ಸಾಲು ಮುಂದಿಟ್ಟುಕೊಂಡು, ಧ್ವನಿಯನ್ನು ಮತ್ತೆ ಮತ್ತೆ ಕೇಳಿಸಿಕೊಂಡು. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು. ಅವಳಿಂದ ಏನೆನ್ನಿಸಲಿ? ಇಂಗ್ಲಿಷನ್ನು ನಂಬಿ ಇಬ್ಬರಿಂದಲೂ 'ನೀನು' ಎನ್ನಿಸಿದರೆ ಕಥೆ ಇಂದಿನದಾಗುತ್ತದೆ, ಸುಳ್ಳೂ ಆಗುತ್ತದೆ. ಧ್ವನಿಯನ್ನು ನಂಬಿದರೆ ಅಮ್ಮನ 'ನೀವು' ಬರುತ್ತದೆ. ಧ್ವನಿಯನ್ನು ನಂಬಿದೆ. ಫ್ಯೂರಿ ಇದ್ದಲ್ಲೆಲ್ಲ ರಾಕ್ಷಸ ಎಂದು ಬರೆದೆ. ಆ ಕಡೆ ಏನನ್ನೋ ಮರಳಿ ಪಡೆದ ಖುಷಿ, ಈ ಕಡೆ ಬೇಡದ್ದೇನನ್ನೋ ಮನೆಯೊಳಗೆ ಕರೆತಂದ ಕಸಿವಿಸಿ. ಎರಡೂ ಒಂದೇ ಪುಟದಲ್ಲಿದ್ದವು.

ದಸರಾ ರಜೆಗೆ ಬಂದ ಹುಡುಗಿಗೆ ಆ ಪುಟ ಓದಲು ಕೊಟ್ಟೆ. ರಾಕ್ಷಸನನ್ನು ನೋಡಿ ನಕ್ಕಳು, "ಅಯ್ಯೋ, ಹೌದಲ್ವಾ!" ಎಂದಳು. ಮುಂದೆ ಓದುತ್ತ ಓದುತ್ತ ಮುಖ ಗಂಟಾಯಿತು.

"ಅವನು ನೀನು ಅಂತಾನೆ, ಇವಳು ಯಾಕೆ ನೀವು ನೀವು ಅನ್ಬೇಕು? ಇಂಗ್ಲಿಷಲ್ಲಿ ಹೀಗಿರ್ಲಿಲ್ಲ ದೊಡ್ಡಮ್ಮ. ನೀನು ಚೇಂಜ್ ಮಾಡಿದೀಯ."

"ಇತ್ತು ಕಣೇ. ಕೇಳಿಸಿಕೋ" ಎಂದೆ.

ಅವಳು ಇಯರ್‌ಫೋನ್ ಹಾಕಿಕೊಂಡು ಆ ದೃಶ್ಯವನ್ನು ಮೊದಲಿಂದ ಶುರುಮಾಡಿದಳು. ಅನಿಮೆ ನೋಡಿ ನೋಡಿ ಅವಳಿಗೆ ನನಗಿಂತ ಹೆಚ್ಚು ಜಪಾನಿ ಬರುತ್ತದೆ. ಈ ಸಲ ತೆರೆಯ ಕಡೆ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನೋಟ್‌ಬುಕ್ ಎಳೆದುಕೊಂಡು, ಚಿಜುರುವಿನ ಒಂದು ಮಾತಿನಲ್ಲಿ ನಾನು ಬರೆದಿದ್ದ 'ನೀವು' ಅನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಅವಳಿಗೂ ತೋಚಲಿಲ್ಲ. ಪೆನ್ನು ಕಚ್ಚುತ್ತ ಕೂತಳು. ನಾನು ಕಾಫಿ ಮಾಡಲು ಎದ್ದೆ.